ಪ್ರತಿಕ್ರಿಯೆ: ಉಡ ಅಂದರೆ ಓತಿಕ್ಯಾತ ಅಲ್ಲ

ಮಗು ಸೆರಗು ಬಿಡದೆ ಇದ್ದಾಗ ನಿಮ್ಮ ಅಜ್ಜಿ 'ಉಡದ ಹಂಗೆ ಹಿಡ್ಕೊಂಡಿದೆ' ಅಂದರು, ಉಡ ಅಂದರೆ ಓತಿಕ್ಯಾತವೇ ಎಂದು ಕೇಳಿದ್ದೀರಿ. ಅಲ್ಲ. ಓತಿಕ್ಯಾತ ಬೇಲಿ ಮೇಲೆ ಕೂತು ತಲೆಯಾಡಿಸುವ ಸಣ್ಣ ಪ್ರಾಣಿ. ಉಡವೂ ಹಲ್ಲಿಯ ಜಾತಿಯದೇ, ಆದರೆ ಅದಕ್ಕಿಂತ ಬಹಳ ದೊಡ್ಡದು, ಬಾಲ ಸೇರಿ ಒಂದೂವರೆ ಮೀಟರ್ ದಾಟಬಲ್ಲದು. ತಮಿಳಿನ ಉಡುಂಬು, ತೆಲುಗಿನ ಉಡುಮು ಇದೇ.

ಅಜ್ಜಿಯ ಮಾತಿನ ಜೀವ ಇರುವುದು ಅದರ ಉಗುರಿನಲ್ಲಿ. ನಮ್ಮ ತೋಟದ ಹುಣಸೆ ಮರದ ಪೊಟರೆಗೆ ಒಂದು ಉಡ ಅರ್ಧ ನುಗ್ಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ: ಕೊಕ್ಕೆಯಂಥ ಉಗುರು ತೊಗಟೆಯೊಳಗೆ ಇಳಿದಿತ್ತು, ಮೈ ಉಬ್ಬಿಸಿಕೊಂಡು ಬಿಲದ ಗೋಡೆಗೆ ಒತ್ತಿಕೊಂಡಿತ್ತು. ಹಾಗೆ ಕೂತ ಉಡವನ್ನು ಎಳೆದು ತೆಗೆಯುವುದು ಬಲು ಕಷ್ಟ. ಅದಕ್ಕೇ 'ಉಡದ ಪಟ್ಟು', 'ಉಡದ ಹಿಡಿತ' ಎನ್ನುವ ಮಾತು. ಹಟ ಹಿಡಿದವರಿಗೂ ಹೇಳುತ್ತೇವೆ, ಹಿಡಿದ ಕೆಲಸ ಬಿಡದವರಿಗೂ ಹೇಳುತ್ತೇವೆ. ಬೈಗುಳವೋ ಮೆಚ್ಚುಗೆಯೋ ಎಂಬುದು ಹೇಳುವವರ ದನಿಯಲ್ಲೇ ಗೊತ್ತಾಗುತ್ತದೆ.

ಮರಾಠಿಯಲ್ಲಿ ಇದು ಘೋರ್ಪಡ್. ಸಂಡೂರು, ಮುಧೋಳದ ಘೋರ್ಪಡೆ ಮನೆತನದ ಹೆಸರು ಇದರಿಂದಲೇ ಬಂತು. ಪೂರ್ವಜರು ಉಡಕ್ಕೆ ಹಗ್ಗ ಕಟ್ಟಿ ಕೋಟೆ ಗೋಡೆ ಏರಿದರು ಎಂಬುದು ಐತಿಹ್ಯ. ಖಂಜಿರ ಎಂಬ ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯಕ್ಕೂ ಹಿಂದೆಲ್ಲ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು.

ಒಂದು ವಿನಂತಿ. ಸೀಳುನಾಲಿಗೆ ನೋಡಿ ಹಾವಿನ ಹಾಗೆ ವಿಷ ಅಂತ ಹೆದರಿ ಎಷ್ಟೋ ಕಡೆ ಹೊಡೆದು ಹಾಕುತ್ತಾರೆ. ಅದು ತಾನಾಗಿ ಮೇಲೆ ಬೀಳುವ ಪ್ರಾಣಿಯಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಕೊಲ್ಲುವುದು ಅಪರಾಧ. ನಿಮ್ಮ ಹಿತ್ತಿಲಿಗೆ ಬಂದರೆ ದಾರಿ ಬಿಡಿ, ಹೋಗುತ್ತದೆ.