ಮನೇಲೇ ರೇಸಿಂಗ್ ಡ್ರೋನ್ ಕಟ್ತಿದೀರಾ? ಪ್ರೊಪೆಲ್ಲರ್ ಕೊನೇಗೆ ಹಾಕಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಸ್ವಂತವಾಗಿ ರೇಸಿಂಗ್ ಡ್ರೋನ್ ಜೋಡಿಸ್ತಿರೋರದ್ದು, ಅದರಲ್ಲೂ ಮೊದಲ ಸಲ ಬ್ಯಾಟರಿ ಕನೆಕ್ಟ್ ಮಾಡೋ ಹೊತ್ತಲ್ಲಿ ಏನೋ ಎಡವಟ್ಟಾಗಿ ನಿಂತಿರೋರದ್ದು. ಒಂದೊಂದಾಗಿ ನೋಡೋಣ.

ಪ್ರಶ್ನೆ: ಸರ್, ನಾನು ಮೊದಲ ಸಲ 5 ಇಂಚಿನ ಡ್ರೋನ್ ಕಟ್ತಿದೀನಿ. ಫ್ರೆಂಡ್ ತನ್ನ ಹಳೇ 2207 ಸೈಜಿನ ಮೋಟರ್ ನಾಲ್ಕು ಕೊಟ್ಟಿದಾನೆ, 2500 ಕೆವಿ ಅಂತ ಬರೆದಿದೆ. ಎಲ್ರೂ ಈಗ 6ಎಸ್ ಬ್ಯಾಟರಿನೇ ತಗೋ ಅಂತಾರೆ. ಈ ಮೋಟರ್‌ಗೆ ಹಾಕ್ಬಹುದಾ?

ಉತ್ತರ: ಬೇಡ, ಹಾಕ್ಬೇಡಿ. ಕೆವಿ ಅಂದ್ರೆ ಲೋಡ್ ಇಲ್ದೇ ಇದ್ದಾಗ ಒಂದು ವೋಲ್ಟ್‌ಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋ ಲೆಕ್ಕ. 6ಎಸ್ ಅಂದ್ರೆ ಸಾಲಾಗಿ ಜೋಡಿಸಿದ ಆರು ಸೆಲ್. ಲೈಪೋ (ಲಿಥಿಯಂ ಪಾಲಿಮರ್) ಸೆಲ್ ಫುಲ್ ಆದಾಗ 4.2 ವೋಲ್ಟ್, ಅಂದ್ರೆ 4ಎಸ್ ಬ್ಯಾಟರಿ 16.8 ವೋಲ್ಟ್, 6ಎಸ್ ಬ್ಯಾಟರಿ 25.2 ವೋಲ್ಟ್. ನಿಮ್ಮ ಮೋಟರ್ 4ಎಸ್‌ನಲ್ಲಿ 42,000 ಸುತ್ತಿನ ಕಡೆ ಓಡತ್ತೆ, ಅದನ್ನೇ 6ಎಸ್‌ಗೆ ಹಾಕಿದ್ರೆ 63,000. ಪ್ರೊಪೆಲ್ಲರ್ ಹಾಕಿದ ಮೇಲೆ ಅಷ್ಟು ಮುಟ್ಟಲ್ಲ ನಿಜ, ಆದ್ರೆ ಮುಟ್ಟೋಕೆ ಅಂತ ಸಿಕ್ಕಾಪಟ್ಟೆ ಕರೆಂಟ್ ಎಳೆಯತ್ತೆ, ಆಗ ಮೋಟರ್ ವೈಂಡಿಂಗ್ ಸುಡತ್ತೆ ಇಲ್ಲಾಂದ್ರೆ ಮೋಟರ್ ಸ್ಪೀಡ್ ನಿಯಂತ್ರಿಸೋ ಇಎಸ್‌ಸಿ ಬೋರ್ಡ್ ಹೋಗತ್ತೆ. 6ಎಸ್‌ಗೆ ಈ ಸೈಜಲ್ಲಿ ಸಾಮಾನ್ಯವಾಗಿ 1700ರಿಂದ 1950 ಕೆವಿ ಬಳಸ್ತಾರೆ.

6ಎಸ್ ಯಾಕೆ ಅಷ್ಟು ಹೆಸರು ಮಾಡಿದೆ ಅಂದ್ರೆ, ಅಷ್ಟೇ ಪವರ್ ಕಮ್ಮಿ ಕರೆಂಟಲ್ಲಿ ಸಿಗತ್ತೆ, ವೈರಲ್ಲಿ ಬಿಸಿಯಾಗಿ ಹೋಗೋ ನಷ್ಟ ಕರೆಂಟಿನ ವರ್ಗದಷ್ಟು ಏರತ್ತಲ್ಲ, ಹಾಗಾಗಿ ಕರೆಂಟ್ ಇಳಿದ್ರೆ ನಷ್ಟ ಇನ್ನೂ ಜಾಸ್ತಿ ಇಳಿಯತ್ತೆ, ಕೊನೇ ಲ್ಯಾಪಲ್ಲೂ ಡ್ರೋನ್ ಸೋತಂಗೆ ಅನ್ಸಲ್ಲ. ಕಲಿಯೋಕೆ ಮಾತ್ರ 4ಎಸ್ ಧಾರಾಳ ಸಾಕು. ಒಂದು ಕೆಲಸ ಮಾಡಿ, ಇಎಸ್‌ಸಿ ಹೇಗೂ ಹೊಸದು ತಗೋತೀರಲ್ಲ, ಅದನ್ನ 6ಎಸ್ ತಡೆಯೋ ಅಂಥದ್ದೇ ತಗೊಳ್ಳಿ, ಮುಂದೆ ಮೋಟರ್, ಬ್ಯಾಟರಿ ಬದಲಾಯಿಸಿದ್ರೆ ಮುಗೀತು.

ಪ್ರಶ್ನೆ: ಇಎಸ್‌ಸಿ ಬೋರ್ಡಿನ ಬ್ಯಾಟರಿ ಪ್ಯಾಡ್‌ಗೆ ದಪ್ಪ ವೈರ್ ಬೆಸುಗೆ ಹಾಕೋಕೆ ಹೋದ್ರೆ ಸೀಸ ಅಂಟ್ತಾನೇ ಇಲ್ಲ, ಗುಂಡಾಗಿ ಕೂತ್ಕೊಳ್ಳತ್ತೆ. ತುಂಬಾ ಹೊತ್ತು ಹಿಡಿದ್ರೆ ಬೋರ್ಡ್ ಹಾಳಾಗತ್ತಾ ಅಂತ ಭಯ.

ಉತ್ತರ: ಇಡೀ ಡ್ರೋನಲ್ಲಿ ನಾನು ಅತೀ ಹೆಚ್ಚು ಕಾಳಜಿ ಮಾಡೋ ಜಾಗ ಇದೇ. ಆ ಎರಡು ಪ್ಯಾಡ್ ಹಿಂದೆ ದೊಡ್ಡ ತಾಮ್ರದ ಪದರ ಇರತ್ತೆ, ನೀವು ಕೊಡೋ ಬಿಸಿನೆಲ್ಲಾ ಅದು ಎಳ್ಕೊಂಡು ಹರಡಿಬಿಡತ್ತೆ. ಸೂಜಿ ಥರ ಚೂಪಾದ ಟಿಪ್ ಹಾಕಿ ಎಷ್ಟು ಹೊತ್ತು ಹಿಡಿದ್ರೂ ಪ್ಯಾಡ್ ಕಾಯಲ್ಲ, ಪಕ್ಕದ ಸಣ್ಣ ಪಾರ್ಟ್ ಕಾದು ಹಾಳಾಗ್ತವೆ ಅಷ್ಟೇ. ಅಗಲ ಉಳಿ ಥರದ ಟಿಪ್ ಹಾಕಿ, 60 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಇರೋ ಐರನ್ ತಗೊಂಡು 400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಡಿ. ಮೋಟರ್ ವೈರ್‌ಗಾದ್ರೆ 350 ಸಾಕು. ಸೋಲ್ಡರ್ ತಂತಿ ರೋಸಿನ್ ಇರೋ 63/37 (ತವರ, ಸೀಸದ ಪಾಲು) ತಗೊಳ್ಳಿ, ಸೀಸ ಇಲ್ಲದ್ದು ಹೊಸಬರ ಕೈಗೆ ಬಗ್ಗಲ್ಲ. ಆದ್ರೆ ಕಿಟಕಿ ತೆಗೆದಿಡಿ, ಕೆಲಸ ಆದ್ಮೇಲೆ ಕೈ ತೊಳೀರಿ.

ಮೊದಲು ಪ್ಯಾಡ್ ಮೇಲೆ ಫ್ಲಕ್ಸ್ ಹಚ್ಚಿ ಒಂದು ಪದರ ಸೋಲ್ಡರ್ ಹರಡಿ, ವೈರಿನ ತುದಿಗೂ ಬೇರೆಯಾಗಿ ಕುಡಿಸಿ, ಆಮೇಲೆ ಎರಡನ್ನೂ ಸೇರಿಸಿ ಒಟ್ಟಿಗೇ ಕಾಯಿಸಿ. ಸರಿಯಾಗಿ ಆಗಿದ್ರೆ ಸೋಲ್ಡರ್ ಪ್ಯಾಡಿನ ಅಂಚಿನವರೆಗೂ ಹರಿದು ವೈರಿನ ಕಡೆಗೆ ಇಳಿಜಾರಾಗಿ ಏರಿ ನಿಂತಿರತ್ತೆ. ಗುಂಡಾಗಿ ಕೂತು ಅಂಚಲ್ಲಿ ಸಂದಿ ಕಾಣ್ತಿದ್ರೆ ಅದು ಕೋಲ್ಡ್ ಜಾಯಿಂಟ್, ನೋಡೋಕೆ ಅಂಟಿದಂಗಿದ್ರೂ ರೇಸ್ ಗೇಟಿಗೆ ಗುದ್ದಿದ ದಿನ ಕಿತ್ಕೊಂಡು ಬರತ್ತೆ. ಕಪಾಸಿಟರ್ ಕೂಡ ಅಲ್ಲೇ ಹಾಕಿ, 35 ವೋಲ್ಟಿನ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ) ಇರೋದು, ಪ್ಲಸ್ ಮೈನಸ್ ಎರಡೆರಡು ಸಲ ನೋಡಿ.

ಇಷ್ಟಾಯ್ತು ಅಂತ ಬ್ಯಾಟರಿ ಚುಚ್ಬೇಡಿ! ಮಲ್ಟಿಮೀಟರನ್ನ ಬೀಪ್ ಬರೋ ಮೋಡಿಗೆ ಇಟ್ಟು ಬ್ಯಾಟರಿ ಸಿಕ್ಕಿಸೋ ಎಕ್ಸ್‌ಟಿ60 ಕನೆಕ್ಟರಿನ ಎರಡು ಪಿನ್ ಮುಟ್ಟಿ. ಒಂದು ಕ್ಷಣ ಬೀಪ್ ಬಂದು ನಿಂತ್ರೆ ಹೆದರ್ಬೇಡಿ, ಅದು ಕಪಾಸಿಟರ್ ಚಾರ್ಜ್ ಆಗೋ ಸದ್ದು. ಬಿಡದೇ ಕೂಗ್ತಾ ಇದ್ರೆ ಎಲ್ಲೋ ಶಾರ್ಟ್ ಇದೆ, ಹುಡುಕಿ. ಮೀಟರ್ ಪಾಸ್ ಆದ್ಮೇಲೂ ಮೊದಲ ಸಲ ಸ್ಮೋಕ್ ಸ್ಟಾಪರ್ ಮಧ್ಯೆ ಹಾಕೇ ಕನೆಕ್ಟ್ ಮಾಡಿ, ಶಾರ್ಟ್ ಇದ್ರೂ ಅದು ಕರೆಂಟನ್ನ ತಡೆದು ಬೋರ್ಡ್ ಉಳಿಸತ್ತೆ. ಮತ್ತೆ ವಿಡಿಯೋ ಟ್ರಾನ್ಸ್‌ಮಿಟರ್‌ಗೆ ಆಂಟೆನಾ ಹಾಕದೇ ಪವರ್ ಕೊಡ್ಲೇಬೇಡಿ, ಪವರ್ ಹೊರಗೆ ಹೋಗೋಕೆ ದಾರಿ ಇಲ್ದೇ ಅದರೊಳಗಿನ ಆಂಪ್ಲಿಫೈಯರ್ ಸುಟ್ಟೋಗ್ಬಹುದು.

ಪ್ರಶ್ನೆ: ಎಲ್ಲಾ ಜೋಡಿಸಿದ್ದಾಯ್ತು, ಆರ್ಮ್ (ಮೋಟರ್ ತಿರುಗೋಕೆ ರೆಡಿ) ಕೂಡ ಆಗತ್ತೆ, ಆದ್ರೆ ಥ್ರಾಟಲ್ ಕೊಟ್ಟ ತಕ್ಷಣ ಒಂದೇ ಏಟಿಗೆ ಮಗುಚಿ ಬೀಳತ್ತೆ. ಪ್ರೊಪೆಲ್ಲರ್ ಮುರಿದು ಮುರಿದು ಸಾಕಾಯ್ತು. ಫ್ಲೈಟ್ ಕಂಟ್ರೋಲರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರೋ ಚಾನ್ಸ್ ತೀರಾ ಕಮ್ಮಿ. ಡ್ರೋನ್ ಬಲಕ್ಕೆ ವಾಲ್ತು ಅಂದ್ಕೊಳ್ಳಿ, ಕಂಟ್ರೋಲರ್ ಬಲಗಡೆ ಮೋಟರ್‌ಗಳಿಗೆ ಪವರ್ ಜಾಸ್ತಿ ಮಾಡಿ ಎತ್ತೋಕೆ ನೋಡತ್ತೆ. ಅದು ಬಲಗಡೇದು ಅಂದ್ಕೊಂಡಿರೋ ಮೋಟರ್ ನಿಜವಾಗ್ಲೂ ಎಡಗಡೆ ಇದ್ರೆ ವಾಲೋದು ಇನ್ನೂ ಹೆಚ್ಚಾಗತ್ತೆ, ಹೆಚ್ಚಾದಷ್ಟೂ ಇನ್ನೂ ಜೋರಾಗಿ ತಪ್ಪು ಮೋಟರ್ ತಿರುಗಿಸತ್ತೆ, ಅದಕ್ಕೇ ಅಷ್ಟು ರಭಸದಲ್ಲಿ ಮಗುಚೋದು.

ಪ್ರೊಪೆಲ್ಲರ್ ನಾಲ್ಕೂ ಬಿಚ್ಚಿಟ್ಟು ಕಂಪ್ಯೂಟರಲ್ಲಿ ಬೀಟಾಫ್ಲೈಟ್ (ಫ್ಲೈಟ್ ಕಂಟ್ರೋಲರ್ ಸೆಟ್ಟಿಂಗ್ ಮಾಡೋ ಸಾಫ್ಟ್‌ವೇರ್) ತೆಗೀರಿ. ಡ್ರೋನನ್ನ ಕೈಯಲ್ಲಿ ಹಿಡಿದು ಮುಂದಕ್ಕೆ, ಪಕ್ಕಕ್ಕೆ ವಾಲಿಸಿ, ಸ್ಕ್ರೀನ್ ಮೇಲಿನ ಡ್ರೋನ್ ಕೂಡ ಅದೇ ಕಡೆ ವಾಲ್ಬೇಕು. ವಾಲದಿದ್ರೆ ಬೋರ್ಡ್ ತಿರುಗಿಸಿ ಕೂರಿಸಿದೀರ, ಅದನ್ನ ಸೆಟ್ಟಿಂಗಲ್ಲಿ ಹೇಳ್ಬೇಕು. ಆಮೇಲೆ ಮೋಟರ್ ಟ್ಯಾಬಲ್ಲಿ ಒಂದೊಂದೇ ತಿರುಗಿಸಿ. ಕ್ಯಾಮೆರಾ ಮುಂದಿಟ್ಟು ಮೇಲಿಂದ ನೋಡಿದ್ರೆ 1 ಹಿಂದೆ ಬಲಕ್ಕೆ, 2 ಮುಂದೆ ಬಲಕ್ಕೆ, 3 ಹಿಂದೆ ಎಡಕ್ಕೆ, 4 ಮುಂದೆ ಎಡಕ್ಕೆ. ಡಿಫಾಲ್ಟ್ ಸೆಟ್ಟಿಂಗಲ್ಲಿ 1 ಮತ್ತು 4 ಗಡಿಯಾರದ ದಿಕ್ಕಿಗೆ, 2 ಮತ್ತು 3 ಅದರ ವಿರುದ್ಧಕ್ಕೆ. ವೈರಿಂಗ್ ಸುಲಭ ಆಗ್ಲಿ ಅಂತ ಇಎಸ್‌ಸಿ ಬೋರ್ಡನ್ನ ಉಲ್ಟಾ ಕೂರಿಸಿದ್ರೆ ಈ ನಂಬರೆಲ್ಲ ಅದಲುಬದಲಾಗಿರತ್ತೆ, ಸುಮಾರು ಜನರ ಮಗುಚೋ ಕಥೆ ಇಲ್ಲೇ ಇರೋದು. ಬೆಸುಗೆ ಬಿಚ್ಚೋದು ಬೇಡ, ಈಗಿನ ಬೀಟಾಫ್ಲೈಟಲ್ಲಿ ನಂಬರೂ ದಿಕ್ಕೂ ಎರಡೂ ಅಲ್ಲೇ ಬದಲಾಯಿಸ್ಬಹುದು.

ಕೊನೇದು ಪ್ರೊಪೆಲ್ಲರ್. ಎಲೆಯ ಎರಡು ಅಂಚಲ್ಲಿ ಒಂದು ಮೇಲಕ್ಕಿರತ್ತೆ, ಒಂದು ಕೆಳಕ್ಕೆ. ಮೇಲಿರೋ ಅಂಚು ತಿರುಗೋ ದಿಕ್ಕಿಗೆ ಮುಂದಿರ್ಬೇಕು, ಅಕ್ಷರ ಬರೆದಿರೋ ಬದಿ ಮೇಲಕ್ಕೆ. ಇನ್ನೊಂದು ವಿಷಯ, ಪ್ರೊಪೆಲ್ಲರ್ ಇಲ್ದೇ ಟೇಬಲ್ ಮೇಲಿಟ್ಟು ಆರ್ಮ್ ಮಾಡಿ ಥ್ರಾಟಲ್ ಸ್ವಲ್ಪ ಏರಿಸಿದ್ರೆ ಮೋಟರ್ ತಾನಾಗೇ ಸ್ಪೀಡ್ ಹೆಚ್ಚಿಸ್ಕೊಳ್ಳತ್ತೆ, ಅದು ದೋಷ ಅಲ್ಲ. ತಿದ್ದೋಕೆ ನೋಡಿದ್ರೂ ಡ್ರೋನ್ ಅಲ್ಲಾಡ್ತಿಲ್ಲವಲ್ಲ ಅಂತ ಕಂಟ್ರೋಲರ್ ಇನ್ನೂ ತಳ್ತಿರತ್ತೆ.

ಪ್ರಶ್ನೆ: ನನ್ನ ಮಗನಿಗೆ ಡ್ರೋನ್ ಹುಚ್ಚು. ರಾತ್ರಿ ಬ್ಯಾಟರಿ ಚಾರ್ಜ್‌ಗೆ ಹಾಕಿ ಮಲಗ್ತಾನೆ, ಅದ್ರಲ್ಲಿ ಒಂದು ಉಬ್ಬಿದೆ. ಏನೂ ಆಗಲ್ಲಮ್ಮ ಅಂತಾನೆ.

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾಗೇ ಇದೆ, ಇವತ್ತೇ ನಿಲ್ಲಿಸೋಕೆ ಹೇಳಿ. ಉಬ್ಬಿರೋದು ಅಂದ್ರೆ ಒಳಗೆ ಗ್ಯಾಸ್ ತುಂಬಿದೆ, ಅದನ್ನ ಇನ್ನೊಂದು ಸಲ ಚಾರ್ಜ್ ಮಾಡೋದಾಗ್ಲಿ, ಚುಚ್ಚಿ ಗಾಳಿ ತೆಗೆಯೋದಾಗ್ಲಿ ಬೇಡವೇ ಬೇಡ. ಸುಡದ ಜಾಗದಲ್ಲಿ, ಮನೆ ಸಾಮಾನಿಂದ ದೂರ ಇಟ್ಟು ಬ್ಯಾಟರಿ ರೀಸೈಕಲ್ ಮಾಡೋ ಕಡೆ ಕೊಡಿ, ಮನೆ ಕಸಕ್ಕೆ ಹಾಕ್ಬೇಡಿ. ಲೈಪೋಗೆ ಬೆಂಕಿ ಹತ್ತಿದ್ರೆ ಕೆಲವೇ ಸೆಕೆಂಡಲ್ಲಿ ರೂಮೆಲ್ಲ ಹೊಗೆ ತುಂಬತ್ತೆ, ಮಲಗಿರೋರಿಗೆ ಎದ್ದು ಓಡೋಕೂ ಟೈಮ್ ಸಿಗಲ್ಲ.

ಮಗನಿಗೆ ಇದನ್ನ ಓದಿಸಿ: ಎಚ್ಚರ ಇದ್ದಾಗ, ಕಣ್ಣೆದುರಿಗೇ ಚಾರ್ಜ್ ಮಾಡ್ಬೇಕು, ಬ್ಯಾಲೆನ್ಸ್ ವೈರ್ (ಎಲ್ಲಾ ಸೆಲ್ ಸಮ ಇಡೋ ಸಣ್ಣ ವೈರ್) ಸಿಕ್ಕಿಸಿ, 1ಸಿ ರೇಟಲ್ಲಿ. ಅಂದ್ರೆ 1300 ಎಂಎಎಚ್ ಬ್ಯಾಟರಿಗೆ 1.3 ಆಂಪಿಯರ್. ಹಾರಿಸುವಾಗ ಸೆಲ್‌ಗೆ 3.5 ವೋಲ್ಟ್ ಬಂತು ಅಂದ್ರೆ ಇಳಿಸ್ಬೇಕು. ನಾಳೆ ಹಾರಿಸಲ್ಲ ಅಂದ್ರೆ ಫುಲ್ ಚಾರ್ಜಲ್ಲಿ ಬಿಡದೇ ಸ್ಟೋರೇಜ್ ಮೋಡಲ್ಲಿ ಸೆಲ್‌ಗೆ ಸುಮಾರು 3.8 ವೋಲ್ಟಿಗೆ ತಂದಿಡ್ಬೇಕು. ಹೀಗೆ ಮಾಡಿದ್ರೆ ಬ್ಯಾಟರಿ ಬೇಗ ಉಬ್ಬೋದೂ ಇಲ್ಲ.

ಪ್ರಶ್ನೆ: ಡ್ರೋನ್ ರೆಡಿ. ಸೀದಾ ಹೋಗಿ ಹಾರಿಸ್ಲಾ?

ಉತ್ತರ: ರೇಸಿಂಗ್ ಹಾರಿಸೋದು ಆಕ್ರೋ ಮೋಡಲ್ಲಿ, ಸ್ಟಿಕ್ ಬಿಟ್ರೆ ಅದು ತಾನಾಗಿ ಸಮ ಆಗಲ್ಲ, ವಾಲಿದಂಗೇ ಹೋಗ್ತಿರತ್ತೆ. ಹಾಗಾಗಿ ಮೊದಲು ನಿಮ್ಮದೇ ರಿಮೋಟನ್ನ ಕಂಪ್ಯೂಟರ್‌ಗೆ ಕನೆಕ್ಟ್ ಮಾಡಿ ಸಿಮ್ಯುಲೇಟರಲ್ಲಿ ಕಲೀರಿ, ಬೆರಳಿಗೆ ಅಭ್ಯಾಸ ಆಗೋವರೆಗೂ. ಹೊರಗೆ ಹೋಗೋ ಮುಂಚೆ ಪ್ರೊಪೆಲ್ಲರ್ ಬಿಚ್ಚಿ ಆರ್ಮ್ ಮಾಡಿ ರಿಮೋಟ್ ಆಫ್ ಮಾಡಿ ನೋಡಿ, ಮೋಟರ್ ನಿಲ್ಲಲೇಬೇಕು, ನಿಲ್ಲದಿದ್ರೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಮೋಟರ್ ನಿಲ್ಲಿಸೋ ಸೆಟ್ಟಿಂಗ್) ಸರಿ ಮಾಡದೇ ಹೊರಗೆ ಒಯ್ಯಬೇಡಿ. ನಿಮ್ಮ ಕಡೆ ಡ್ರೋನ್ ನಿಯಮ ಏನಿದೆ ಓದ್ಕೊಳ್ಳಿ, ಜನ ಇಲ್ಲದ ಬಯಲು ಹುಡುಕಿ, ಡ್ರೋನ್ ಕ್ಯಾಮೆರಾ ತೋರಿಸೋ ಗಾಗಲ್ಸ್ ಹಾಕ್ಕೊಂಡ್ರೆ ಸುತ್ತ ಏನೂ ಕಾಣಲ್ಲ, ಪಕ್ಕದಲ್ಲಿ ನೋಡೋಕೆ ಒಬ್ರು ಇರ್ಲೇಬೇಕು. ಮೊದಲ ಸಲ ಒಂದು ನಿಮಿಷ ಮಾತ್ರ ಹಾರಿಸಿ ಇಳಿಸಿ, ಬ್ಯಾಟರಿ ತೆಗೆದು ನಾಲ್ಕೂ ಮೋಟರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ. ಬೆರಳಿಡೋಕಾಗದಷ್ಟು ಸುಡ್ತಿದ್ರೆ ಪ್ರೊಪೆಲ್ಲರ್ ಬಾಗಿದೆಯಾ, ಯಾವ್ದಾದ್ರೂ ಸ್ಕ್ರೂ ಉದ್ದ ಆಗಿ ವೈಂಡಿಂಗ್‌ಗೆ ತಾಗ್ತಿದೆಯಾ, ಪಿಐಡಿಲಿ (ಕಂಟ್ರೋಲರ್ ಎಷ್ಟು ಜೋರಾಗಿ ತಿದ್ದತ್ತೆ ಅನ್ನೋ ಸೆಟ್ಟಿಂಗಲ್ಲಿ) ಡಿ ಜಾಸ್ತಿ ಇಟ್ಟಿದೀರಾ ಅಂತ ನೋಡಿ, ಸರಿ ಮಾಡಿದ ಮೇಲೇ ಎರಡನೇ ಬ್ಯಾಟರಿ ಹಾಕಿ.