ಒಂದೇ ಪೆಗ್ ಅಂತ ಕೂತರೂ ಮೂರಾಗುತ್ತೆ, ಬೇಜಾರಿನಲ್ಲೂ ಖುಷಿಯಲ್ಲೂ. ಮೊದಲ ಗುಟುಕಿಗೇ ಹಗುರಾಗುತ್ತೆ. ಇದು ಮನಸ್ಸಿನ ಆಟವೇ?

ಬಹುಪಾಲು ಹೌದು. ‘ಮೊದಲ ಗುಟುಕಿಗೇ ಹಗುರಾಗುತ್ತೆ’ ಎಂದು ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಮದ್ಯ ಮಿದುಳು ಮುಟ್ಟಲು ಕೆಲವು ನಿಮಿಷ ಬೇಕು, ಅಮಲು ಪೂರ್ತಿ ಏರಲು ಅರ್ಧದಿಂದ ಒಂದೂವರೆ ಗಂಟೆ. ಮೊದಲ ಗುಟುಕಿಗೇ ಸಿಕ್ಕ ಹಗುರ ನಿರೀಕ್ಷೆಯದು. ಅದನ್ನೇ ಮದ್ಯದ ಲೆಕ್ಕಕ್ಕೆ ಬರೆದು ಎರಡನೆಯದು ಸುರಿದುಕೊಳ್ಳುತ್ತೀರಿ, ಮೊದಲನೆಯದು ಇನ್ನೂ ಏರುತ್ತಿರುವಾಗಲೇ.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಐದು ಪಾಲು ಟಾನಿಕ್ ನೀರಿಗೆ (ಕಹಿ ರುಚಿಯ ಸೋಡಾ) ಒಂದು ಪಾಲು ವೋಡ್ಕಾ ಬೆರೆಸಿದರೆ ನಾಲಿಗೆಗೆ ಗೊತ್ತಾಗುವುದು ಕಷ್ಟ. ಕೆಲವರಿಗೆ ವೋಡ್ಕಾ ಎಂದು ಹೇಳಿ ಬರೀ ಟಾನಿಕ್ ಕೊಟ್ಟರು, ಕೆಲವರಿಗೆ ಟಾನಿಕ್ ಎಂದು ಹೇಳಿ ವೋಡ್ಕಾ. ಉಳಿದೆರಡು ಗುಂಪಿಗೆ ಹೇಳಿದ್ದನ್ನೇ. ರುಚಿ ನೋಡಿ ಅಂಕ ಕೊಡಿ ಎಂದು ನೆಪ ಹೇಳಿ, ಎಷ್ಟು ಖಾಲಿಯಾಯಿತೆಂದು ಅಳೆದರು. ಲೋಟದಲ್ಲಿ ಏನಿದ್ದರೂ, ವೋಡ್ಕಾ ಎಂದು ನಂಬಿದವರೇ ಹೆಚ್ಚು ಕುಡಿದರು. ಚಟಕ್ಕೆ ಬಿದ್ದವರೂ ಹಾಗೆಯೇ! ಮುಂದೆ 1995ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಗೋಲ್ಡ್‌ಮನ್ ಮತ್ತು ಜೊತೆಗಾರರು, ಬಾರಿನಲ್ಲಿ ನಡೆಯುವ ಟೀವಿ ದೃಶ್ಯ ನೋಡಿದವರು ಆಮೇಲೆ ಹೆಚ್ಚು ಕುಡಿಯುತ್ತಾರೆಂದು ತೋರಿಸಿದರು.

ಮನಸ್ಥಿತಿಯ ಕೆಲಸ, ನನ್ನ ಪ್ರಕಾರ, ಯಾವ ನಿರೀಕ್ಷೆ ಮೇಲೇಳಬೇಕೆಂದು ಆರಿಸುವುದು: ಬೇಜಾರಿಗೆ ‘ಮರೆಸುತ್ತೆ’, ಗೆಳೆಯರ ಜೊತೆ ‘ಮಜಾ ಬರುತ್ತೆ’. ಮೊದಲನೆಯದು ಹೆಚ್ಚು ಅಪಾಯ. ಕುಡಿದ ರಾತ್ರಿ ನಿದ್ದೆ ಕೆಡುತ್ತದೆ, ಮರುದಿನ ಮನಸ್ಸು ಇನ್ನೂ ಕುಗ್ಗುತ್ತದೆ, ಸಂಜೆಗೆ ಮತ್ತೆ ಅದೇ ಮದ್ದು.

ಕುಡಿಯುವ ಮೊದಲೇ ಫೋನಿನಲ್ಲಿ ಎರಡು ಮಾತು ಬರೆಯಿರಿ: ಈಗ ಹೇಗಿದ್ದೀನಿ, ಇದರಿಂದ ಏನು ಬೇಕು. ಊಟ ಮೊದಲು ಮಾಡಿ. ಕಣ್ಣಳತೆ ಬೇಡ, 30 ಮಿಲಿ ಅಳತೆ ಲೋಟ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 10 ಗ್ರಾಂ ಮದ್ಯಸಾರ; 8 ಶೇಕಡಾದ 650 ಮಿಲಿ ಸ್ಟ್ರಾಂಗ್ ಬಿಯರ್ ಎಂದರೆ ಅಂಥ ನಾಲ್ಕು ಪೆಗ್ (‘ಬರೀ ಬಿಯರ್’ ಅನ್ನುವವರು ಇದನ್ನು ಗಮನಿಸಲಿ). ಲೋಟ ಖಾಲಿಯಾದ ಮೇಲೆ ಬಾಟಲಿಯನ್ನು ಬೇರೆ ಕೋಣೆಯಲ್ಲಿಟ್ಟು ಅರ್ಧ ಗಂಟೆ ಬಿಡಿ, ಆಮೇಲೆ ಬರೆದದ್ದನ್ನು ಓದಿ. ಬೇಕಾದದ್ದು ಸಿಕ್ಕಿತೇ? ಗೆಳೆಯರ ಗುಂಪಿನಲ್ಲಿ ಇದು ನಡೆಯುವುದಿಲ್ಲ, ಎಲ್ಲರ ಲೋಟವೂ ಒಟ್ಟಿಗೇ ತುಂಬುತ್ತದೆ. ಅಲ್ಲಿ ನಿಮ್ಮದನ್ನು ನೀವೇ ಸುರಿದುಕೊಳ್ಳಿ.

ದಿನಾ ಹೆಚ್ಚು ಕುಡಿಯುವವರಾದರೆ, ಬೆಳಗ್ಗೆ ಕೈ ನಡುಗುತ್ತಿದ್ದರೆ, ಇದ್ದಕ್ಕಿದ್ದಂತೆ ಬಿಡಬೇಡಿ. ಫಿಟ್ಸ್ ಬರಬಹುದು. ಮೊದಲು ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.