ಬಕೆಟ್‌ಗಾಗಿ ಹಳೇ ಫೋನ್ ಕೊಡಬೇಡಿ

ನಮಸ್ಕಾರ. ಬೀದಿಗೆ ಬರುವ ವ್ಯಾಪಾರಿ ಹಳೇ ಮೊಬೈಲಿಗೆ ಪ್ಲಾಸ್ಟಿಕ್ ಬಕೆಟ್ ಕೊಡ್ತಾರೆ, ಮನೆಯಲ್ಲಿರುವ ಮೂರನ್ನೂ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. 2024ರಲ್ಲಿ ತೆಲಂಗಾಣದ ರಾಮಗುಂಡಂನಲ್ಲಿ ಹೀಗೆ ಸಾಮಾನು ಕೊಟ್ಟು ಸಂಗ್ರಹಿಸಿದ್ದ ಸುಮಾರು 4,000 ಫೋನ್‌ಗಳನ್ನು ಪೊಲೀಸರು ವಶಪಡಿಸಿಕೊಂಡರು. ಅವು ಸೈಬರ್ ವಂಚಕರಿಗೆ ಹೋಗುತ್ತಿದ್ದವು ಅನ್ನೋದು ಪೊಲೀಸರ ಆರೋಪ. ನೀವು ಆ ಫೋನಿನಲ್ಲಿ ನಿಮ್ಮ ಸಿಮ್ ಬಳಸಿದ್ದೀರಿ. ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹಿಡಿದು ಹುಡುಕಿದರೆ ವಿಚಾರಣೆ ನಿಮ್ಮ ಮನೆವರೆಗೂ ಬರಬಹುದು, ಅಲ್ವಾ?

ಒಂದರ ಬ್ಯಾಟರಿ ಉಬ್ಬಿದೆ, ಅದನ್ನು ಬಟ್ಟೆ ಬೀರುವಿನಲ್ಲಿ ಇಟ್ಟಿದ್ದೀನಿ ಅಂದಿರಿ. ನನಗೆ ಜಾಸ್ತಿ ಚಿಂತೆ ಅದರದ್ದೇ. ಅಲ್ಲಿಂದ ಇವತ್ತೇ ಹೊರಗೆ ತೆಗೆಯಿರಿ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಳಗೆ ಗ್ಯಾಸ್ ತುಂಬಿರುತ್ತದೆ. ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹತ್ತಿಕೊಳ್ಳಬಹುದು. ಹಾಗಾಗಿ ಕಸದ ಗಾಡಿಗೂ ಹಾಕಬಾರದು. ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ಬ್ಯಾಟರಿ ಉಬ್ಬಿರುವುದನ್ನು ಮೊದಲೇ ಹೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕೇಳೋಕೆ ಸಂಕೋಚ ಬೇಡ.

ಚೆನ್ನಾಗಿರುವ ಫೋನನ್ನು ಅತ್ತೆಗೆ ಕೊಡಲಾ ಅಂತಲೂ ಕೇಳಿದ್ದೀರಿ. ಕೊಡಿ, ಒಳ್ಳೇ ಯೋಚನೆ. ಫೋಟೋ, ವಾಟ್ಸಾಪ್ ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಗೂಗಲ್ ಖಾತೆ ತೆಗೆದು, ನಂತರ ರೀಸೆಟ್ ಮಾಡಿ. ಆ ಫೋನಿಗೆ ಸುರಕ್ಷತಾ ಅಪ್‌ಡೇಟ್ ಬರುವುದು ನಿಂತಿದ್ದರೆ ಯುಪಿಐ ಮಾತ್ರ ಹಾಕಿಕೊಡಬೇಡಿ; ಭಜನೆ, ವಿಡಿಯೋ ಕಾಲ್‌ಗೆ ಸಾಕು.

ಮೂರನೆಯ ಕೀಪ್ಯಾಡ್ ಫೋನ್ ಹಳೇ 2ಜಿ ನೆಟ್‌ವರ್ಕಿನದ್ದಾಗಿದ್ದರೆ ಅದರಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಏರ್‌ಟೆಲ್ ಸಿಮ್ ಹಾಕಿ ನೋಡಿ.